ಎಣ್ಣೆ, ಕೆಮ್ಮಣ್ಣು ಮತ್ತು ಮಾರನೆಯ ದಿನದ ಮೈನೋವು

ಕ್ರಿ.ಶ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಪಟ್ಟಣದ ವೈಭವವನ್ನು ಬಣ್ಣಿಸುವ ನಡುವೆ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನೂ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಅರಸ ಎದ್ದು ಮುಕ್ಕಾಲು ಪಿಂಟಿನಷ್ಟು, ಅಂದರೆ ಸುಮಾರು 400 ಮಿಲಿಲೀಟರ್, ಎಳ್ಳೆಣ್ಣೆ ಕುಡಿಯುತ್ತಿದ್ದ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಂಡು, ಸೊಂಟಕ್ಕೊಂದು ಸಣ್ಣ ಬಟ್ಟೆ ಸುತ್ತಿಕೊಂಡು, ಸುಟ್ಟ ಮಣ್ಣಿನಲ್ಲಿ ಮಾಡಿದ ದೊಡ್ಡ ದೊಡ್ಡ ಭಾರಗಳನ್ನು ತೋಳಿನಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿವರಸೆ, ಹಚ್ಚಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೂ ಅದು ನಡೆಯುತ್ತಿತ್ತು. ಅದಾದ ಮೇಲೆ ಆಸ್ಥಾನದ ಜಟ್ಟಿಯೊಬ್ಬನೊಡನೆ ಕುಸ್ತಿ, ಬಳಿಕ ಬಯಲಿನಲ್ಲಿ ಕುದುರೆ ಸವಾರಿ, ಕೊನೆಗೆ ಸ್ನಾನ.

ಭಾರ ಎತ್ತುವ ಸಾಧನೆಯ ಬಗ್ಗೆ ಕನ್ನಡ ನಾಡಿನಿಂದ ಸಿಗುವ ಪ್ರತ್ಯಕ್ಷದರ್ಶಿ ವರದಿಗಳಲ್ಲಿ ಇಷ್ಟು ವಿವರವಾದದ್ದು ಅಪರೂಪ. ಅದರಲ್ಲಿ ಗಮನಿಸಬೇಕಾದದ್ದು ಭಾರದ ತೂಕವಲ್ಲ, ಕೆಲಸಗಳ ಕ್ರಮ. ಎಣ್ಣೆ ಮೊದಲು, ಭಾರ ಆಮೇಲೆ, ಕಡೆಯಲ್ಲಿ ಸ್ನಾನ. ಮೈ ದಂಡಿಸಿದವನಿಗೆ ನೋವು ಬಂದೇ ಬರುತ್ತದೆ ಎಂಬುದನ್ನು ಒಪ್ಪಿಕೊಂಡು, ಅದರ ಆರೈಕೆಯನ್ನೂ ಸಾಧನೆಯ ಒಂದು ಭಾಗವಾಗಿಯೇ ಇಟ್ಟುಕೊಂಡ ಪದ್ಧತಿ ಇದು. ಇಂದು ಜಿಮ್ಮಿಗೆ ಸೇರಿದ ಮೂರನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯುವ ಹುಡುಗ ಹುಡುಗಿಯರಿಗೆ ಈ ಪದ್ಧತಿಯ ಕಥೆ ಗೊತ್ತಾಗಬೇಕು. ಏಕೆಂದರೆ ಅದರಲ್ಲಿ ಬಹುಪಾಲು ಸರಿಯಾಗಿತ್ತು, ಮತ್ತು ಅದು ಸರಿ ಎಂದು ಪ್ರಯೋಗಶಾಲೆಗಳು ಒಪ್ಪಿಕೊಳ್ಳುವ ಹೊತ್ತಿಗೆ ಪದ್ಧತಿಯೇ ಸೊರಗಿಹೋಗಿತ್ತು.

ಕೃಷ್ಣದೇವರಾಯನಿಗಿಂತ ಸುಮಾರು ನಾಲ್ಕು ಶತಮಾನ ಹಿಂದೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಒಳಗೊಂಡ ಆ ಗ್ರಂಥದಲ್ಲಿ ಮಲ್ಲವಿನೋದಕ್ಕೂ ಒಂದು ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡಬೇಕು. ಅವರ ಊಟವನ್ನು ಅರಸನೇ ನೋಡಿಕೊಳ್ಳಬೇಕು. ಅವರ ಅಭ್ಯಾಸಗಳಿಗೆ ಬೇರೆ ಬೇರೆ ಹೆಸರುಗಳಿವೆ: ಭಾರ ಎತ್ತುವುದು ಭಾರಶ್ರಮ, ಬೆಳಗಿನ ನಡಿಗೆ ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಭಾರವಾದ ಕೆಲಸ, ಹಗುರವಾದ ಕೆಲಸ, ನೀರಿನ ಕೆಲಸ ಎಂದು ದುಡಿಮೆಯನ್ನು ಹಂಚಿದ್ದಾರೆ. ಒಂದೇ ಸ್ನಾಯುವನ್ನು ದಿನವೂ ಒಂದೇ ಬಗೆಯಲ್ಲಿ ಜಜ್ಜಬಾರದು ಎಂಬ ತಿಳಿವಳಿಕೆ ಇಲ್ಲದೆ ಇಂಥ ಹಂಚಿಕೆ ಹುಟ್ಟುವುದು ಕಷ್ಟ.

ಆ ತಿಳಿವಳಿಕೆ ವೈದ್ಯಗ್ರಂಥಗಳಲ್ಲಿ ಇನ್ನೂ ಸ್ಪಷ್ಟವಾಗಿದೆ. ವಾಗ್ಭಟನ 'ಅಷ್ಟಾಂಗಹೃದಯ'ದ ದಿನಚರ್ಯೆಯ ಅಧ್ಯಾಯ ಹೇಳುವ ಪ್ರಕಾರ, ಬಲಶಾಲಿಯೂ ಜಿಡ್ಡಿನ ಆಹಾರ ಉಣ್ಣುವವನೂ ಆದವನು ಚಳಿಗಾಲದಲ್ಲಿ, ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಕಾಲಗಳಲ್ಲಿ ಅದಕ್ಕಿಂತಲೂ ಕಡಿಮೆ. ಮಾಡಿ ಮುಗಿಸಿದ ಮೇಲೆ ಹಿತವಾಗುವಂತೆ ಮೈಯನ್ನು ಎಲ್ಲ ಕಡೆ ತಿಕ್ಕಿಸಿಕೊಳ್ಳಬೇಕು. ಅತಿಯಾದರೆ ಬಾಯಾರಿಕೆ, ಕ್ಷಯ, ಕೆಮ್ಮು, ಜ್ವರ ಬರುತ್ತವೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಅರ್ಧಶಕ್ತಿ ಎಂಬ ಅಳತೆಯನ್ನು ಸುಶ್ರುತನೂ ಹೇಳಿದ್ದಾನೆ. ಇದು ರೋಗಿಗೆ ಹೇಳಿದ ಮಾತಲ್ಲ, ಬಲಶಾಲಿಗೆ ಹೇಳಿದ್ದು ಎಂಬುದು ದೊಡ್ಡ ವಿಷಯ.

ಈ ಶಾಸ್ತ್ರವನ್ನು ಕೈಯಲ್ಲಿ ಹಿಡಿದು ಉಳಿಸಿಕೊಂಡವರು ಮೈಸೂರು ಸೀಮೆಯ ಜಟ್ಟಿಗಳು. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರಿಗೂ ಇವರಿಗೂ ನಂಟಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿಯವರ ಕುಲದೇವತೆ ಲಿಂಬಜಾ, ಇಲ್ಲಿಯವರದು ನಿಂಬಜಾ. ಅಲ್ಲಿಯವರ 'ಮಲ್ಲಪುರಾಣ' ಮಲ್ಲರ ಊಟ, ವ್ಯಾಯಾಮ, ಅಂಗಮರ್ದನಗಳನ್ನು ಒಂದೇ ಕಟ್ಟಿನಲ್ಲಿ ಹೇಳುತ್ತದೆ. ಮೈಸೂರಿನಲ್ಲಿ ಜಟ್ಟಿ ಎಂದೊಡನೆ ಇಂದಿಗೂ ನೆನಪಾಗುವುದು ವಿಜಯದಶಮಿಯ ಬೆಳಿಗ್ಗೆ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಬಂದ ಜಟ್ಟಿಗಳು ತಲೆ ಬೋಳಿಸಿಕೊಂಡು ಮಣ್ಣಿನ ಕಣವಾದ ಮಟ್ಟಿಗೆ ಇಳಿಯುತ್ತಾರೆ. ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್, ಎಮ್ಮೆಯ ಕೊಂಬಿನಿಂದ ಮಾಡಿದ, ಕೈಗೆ ತೊಡುವ ನಾಲ್ಕು ಚೂಪು ಮೊನೆಗಳ ಆ ಮುಷ್ಟಿಯನ್ನು ಬಣ್ಣಿಸಿದ್ದಾನೆ. ಆಟ ಕ್ರೂರವಾದರೂ ಅಷ್ಟು ಸುಲಕ್ಷಣವಾದ ಮೈಕಟ್ಟು ಲೋಕದಲ್ಲಿ ಬೇರೆಲ್ಲೂ ಸಿಗುವುದು ಕಷ್ಟ ಎಂದು ಬೆರಗಾಗಿದ್ದಾನೆ.

ಅದೇ ಜಟ್ಟಿಗಳಿಗೆ ಇನ್ನೊಂದು ಕಸುಬಿತ್ತು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ, ಜಟ್ಟಿಗಳು ಮೈ ತಿಕ್ಕಿ, ಮುಲಾಮು ಹಚ್ಚಿ ನರನೋವು ಮೊದಲಾದ ಬಾಧೆಗಳನ್ನು ವಾಸಿ ಮಾಡುವವರು ಎಂದು ದಾಖಲಾಗಿದೆ. ಎದುರಾಳಿಯ ಕೀಲು ತಿರುಚುವ ಪಟ್ಟು ಬಲ್ಲವನಿಗೆ, ತಿರುಚಿದ ಕೀಲನ್ನು ಸರಿಪಡಿಸುವ ಬಗೆಯೂ ಗೊತ್ತಿರುತ್ತಿತ್ತು. ಊರಿನಲ್ಲಿ ಕೈಕಾಲು ಉಳುಕಿದವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಪೈಲ್ವಾನರ ಮನೆಯನ್ನೇ. ಹಳೆಯ ಮೈಸೂರಿನ ಅನೇಕ ಬಡಾವಣೆಗಳಲ್ಲಿ ಗರಡಿಮನೆ ಎಂದರೆ ಕುಸ್ತಿ ಕಲಿಯುವ ಜಾಗ ಎಷ್ಟೋ, ನೋವಿನ ಆಸ್ಪತ್ರೆಯೂ ಅಷ್ಟೇ.

ಗರಡಿಯ ಒಳಗೊಮ್ಮೆ ಹೊಕ್ಕು ನೋಡಬೇಕು. ತಲೆ ಬಗ್ಗಿಸಿ ಹೋಗುವಂಥ ಸಣ್ಣ ಬಾಗಿಲು, ದಪ್ಪ ಗೋಡೆ, ಗೂಡಿನಲ್ಲಿ ಹನುಮಂತ. ಮೂಲೆಯಲ್ಲಿ ಗದೆ, ಕಲ್ಲಿನ ಗುಂಡು. ನಡುವೆ ಮಟ್ಟಿ. ಅದರ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ನಿಂಬೆರಸ, ಮಜ್ಜಿಗೆ ಬೆರೆಸಿ ಹದ ಮಾಡಿರುತ್ತಾರೆ. ಹೊಸಬ ಬಂದರೆ ಮೊದಲು ಅವನ ಕೈಗೆ ಸಿಗುವುದು ಗದೆಯಲ್ಲ, ಗುದ್ದಲಿ. ಮಟ್ಟಿ ಅಗೆಯುವುದು, ಹೆಂಟೆ ಒಡೆಯುವುದು, ಮಣ್ಣು ಸಮ ಮಾಡುವುದು. ಬೆನ್ನು, ಭುಜ, ತೊಡೆ ಎಲ್ಲಕ್ಕೂ ಇದೊಂದು ಪೂರ್ಣ ವ್ಯಾಯಾಮ. ನಂತರ ನಾಲ್ಕಾರು ದಂಡೆ, ನಾಲ್ಕಾರು ಬಸ್ಕಿ. ಮಾರನೆಯ ದಿನ ಮೈ ಹಿಡಿದುಕೊಳ್ಳುತ್ತದೆ. ಹುಡುಗ ಬಂದು, "ಉಸ್ತಾದ್, ತೊಡೆ ಎತ್ತೋಕಾಗ್ತಿಲ್ಲ" ಎಂದರೆ ಮನೆಗೆ ಕಳಿಸುತ್ತಿರಲಿಲ್ಲ. ಹಿರಿಯ ಪೈಲ್ವಾನನೊಬ್ಬ ಅವನನ್ನು ಮಣ್ಣಿನ ಮೇಲೆ ಮಲಗಿಸಿ ಎಣ್ಣೆ ಹಾಕಿ ತಿಕ್ಕುತ್ತಿದ್ದ. ಮೀನಖಂಡದಿಂದ ಮೇಲಕ್ಕೆ, ತೊಡೆಯ ಹಿಂಬದಿ, ಸೊಂಟ, ಬೆನ್ನು. ಹೆಬ್ಬೆರಳಿನಿಂದ ಶುರುವಾಗಿ ಅಂಗೈಗೆ, ಅಂಗೈಯಿಂದ ಮೊಣಕೈಗೆ ಒತ್ತು ಏರುತ್ತಿತ್ತು. ಆಮೇಲೆ ಹಿಂದಿನ ದಿನ ಮಾಡಿದ್ದ ಸಾಮನ್ನೇ ಹಗುರವಾಗಿ ಇನ್ನೊಮ್ಮೆ ಮಾಡಿಸಿ, ಬಿಸಿನೀರು ಸುರಿದುಕೊಳ್ಳಲು ಹೇಳುತ್ತಿದ್ದರು. ಸಾಮು ಮುಗಿದ ಮೇಲೆ ಬೆವರಿಗೆ ಮಟ್ಟಿಯ ಮಣ್ಣನ್ನೇ ಮೆತ್ತಿಕೊಂಡು ಒಣಗುವವರೆಗೆ ಕೂರುವುದೂ ರೂಢಿ. ಬೆವರು ಆರುವ ಮುಂಚೆ ಗಾಳಿಗೆ ಮೈಯೊಡ್ಡಬಾರದು ಎಂಬುದು ಅವರ ಕಟ್ಟುನಿಟ್ಟು.

ಇಲ್ಲಿ ಸಂಖ್ಯೆ ಏರುತ್ತಿದ್ದದ್ದು ತಿಂಗಳುಗಳ ಲೆಕ್ಕದಲ್ಲಿ. ಸಾವಿರ ಬಸ್ಕಿ ಹೊಡೆಯುವ ಪೈಲ್ವಾನನ ಹಿಂದೆ ಹತ್ತು, ಇಪ್ಪತ್ತು, ಐವತ್ತು ಎಂದು ಏರಿ ಬಂದ ವರ್ಷಗಳಿರುತ್ತಿದ್ದವು. ಉತ್ತರ ಕರ್ನಾಟಕದ ಊರುಗಳಲ್ಲಿ ಜಾತ್ರೆಯ ದಿನ ಸಂಗ್ರಾಣಿ ಕಲ್ಲು ಎತ್ತುವವರೂ ಹಾಗೆಯೇ. ಜನ ನೋಡುವುದು ಕಲ್ಲು ಭುಜಕ್ಕೇರಿದ ಕ್ಷಣವನ್ನು ಮಾತ್ರ. ಚಿಕ್ಕ ಗುಂಡಿನಿಂದ ದೊಡ್ಡದಕ್ಕೆ ಬರುವ ದಾರಿ ಮನೆಯ ಹಿತ್ತಲಿನಲ್ಲಿ ಸವೆದಿರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಇನ್ನೊಂದು ಗಾಳಿ ಬೀಸಿತು. ಯೂಜೆನ್ ಸ್ಯಾಂಡೋ ಎಂಬ ಯುರೋಪಿನ ಅಂಗಸಾಧಕ 1905ರ ಸುಮಾರಿಗೆ ಭಾರತ ಪ್ರವಾಸ ಮಾಡಿದ. ಅವನ ಡಂಬೆಲ್ಲು, ಅವನ ಫೋಟೋ, ಅವನ ಪುಸ್ತಕಗಳು ಊರೂರಿಗೆ ಹರಡಿದವು. ಬೆಂಗಳೂರಿನಲ್ಲಿ ಈ ಹೊಸ ವಿದ್ಯೆಗೆ ಕನ್ನಡದ ಮುಖ ಕೊಟ್ಟವರು ಕೆ.ವಿ. ಅಯ್ಯರ್. 1897ರಲ್ಲಿ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ಹುಟ್ಟಿದ ಅವರು ಬಾರ್‌ಬೆಲ್ ಮತ್ತು ಸೂರ್ಯನಮಸ್ಕಾರಗಳನ್ನು ಒಂದೇ ಸೂರಿನಡಿ ತಂದರು. ಯೋಗಾಚಾರ್ಯ ಸುಂದರಂ ಅವರ ಜೊತೆಗಾರರಾಗಿದ್ದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದ ಈ ಅಂಗಸಾಧಕರೇ ಮುಂದೆ 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದದ್ದು. ಟಿ.ಪಿ. ಕೈಲಾಸಂ ಅವರ ಆಪ್ತರಾಗಿದ್ದ ಅಯ್ಯರ್ ಅವರ ವ್ಯಾಯಾಮಶಾಲೆ ಸಾಹಿತಿಗಳಿಗೂ ನಾಟಕದವರಿಗೂ ಕೂಡುವ ತಾಣವಾಗಿತ್ತು. ಅಂಚೆಯ ಮೂಲಕ ವ್ಯಾಯಾಮ ಕಲಿಸುವ ಪಾಠಕ್ರಮವನ್ನೂ ಅವರು ನಡೆಸಿದರು.

ಅಂಚೆಯ ಪಾಠ ದೊಡ್ಡ ಬದಲಾವಣೆ. ಗರಡಿಗೆ ಹೋಗಲಾಗದ, ಗರಡಿ ಒಳಗೆ ಬಿಟ್ಟುಕೊಳ್ಳದ ಎಷ್ಟೋ ಜನಕ್ಕೆ ಅಂಗಸಾಧನೆ ಮನೆಬಾಗಿಲಿಗೆ ಬಂತು. ಇದಕ್ಕಾಗಿ ಅಯ್ಯರ್ ಅವರಂಥವರಿಗೆ ನಾಡು ಋಣಿಯಾಗಿರಬೇಕು. ಆದರೆ ಕನ್ನಡಿಯ ಮುಂದೆ ಒಬ್ಬನೇ ನಿಂತು ಡಂಬೆಲ್ ಎತ್ತುವವನ ಬೆನ್ನು ತಿಕ್ಕಲು ಯಾರೂ ಇರಲಿಲ್ಲ. ಇಂದು ಸಾಕು, ನಾಳೆ ಬಾ ಎಂದು ತಡೆಯುವ ಉಸ್ತಾದನೂ ಇರಲಿಲ್ಲ. ಮೈನೋವು ಮೊದಲ ಬಾರಿಗೆ ಒಬ್ಬಂಟಿಯ ತೊಂದರೆಯಾಯಿತು.

ಆ ಹೊತ್ತಿಗೆ ನೋವಿಗೆ ಹೊಸ ಕಾರಣವೊಂದು ಪ್ರಚಾರಕ್ಕೆ ಬಂದಿತ್ತು: ಲ್ಯಾಕ್ಟಿಕ್ ಆಮ್ಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲೇ ಪ್ರಾಣಿಗಳ ಸ್ನಾಯುವಿನಲ್ಲಿ ಅದನ್ನು ಗುರುತಿಸಿದ್ದ. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್, ದಣಿದ ಕಪ್ಪೆಯ ಸ್ನಾಯುವಿನಲ್ಲಿ ಆಮ್ಲ ಸೇರಿಕೊಳ್ಳುವುದನ್ನೂ, ಆಮ್ಲಜನಕ ಸಿಕ್ಕರೆ ಅದು ಕರಗುವುದನ್ನೂ ತೋರಿಸಿದರು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಅಧ್ಯಯನಕ್ಕೆ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂತು. ದಣಿವಿನ ವೇಳೆ ಕಂಡ ವಸ್ತುವೇ ಎರಡು ದಿನದ ನಂತರದ ನೋವಿಗೂ ಕಾರಣ ಎಂದು ಜನ ನಂಬಿದರು. ಇಂದಿಗೂ ಕೆಲವು ಜಿಮ್ ತರಬೇತುದಾರರ ಬಾಯಲ್ಲಿ ಅದೇ ಮಾತು.

ಸರಿಯಾದ ಸುಳಿವು ಅದಕ್ಕೂ ಮುಂಚೆಯೇ ಸಿಕ್ಕಿತ್ತು. 1902ರಲ್ಲಿ ಅಮೆರಿಕದ ಥಿಯೋಡರ್ ಹಫ್ ಎಂಬ ಶರೀರಶಾಸ್ತ್ರಜ್ಞ ಬೆರಳಿನ ದುಡಿಮೆ ಅಳೆಯುವ ಎರ್ಗೋಗ್ರಾಫ್ ಎಂಬ ಯಂತ್ರ ಬಳಸಿ ಪ್ರಯೋಗ ಮಾಡಿದ. ಪಳಗದ ಸ್ನಾಯು ಬಿಗಿಯಾದ ಸ್ಪ್ರಿಂಗನ್ನು ಮತ್ತೆ ಮತ್ತೆ ಎಳೆದರೆ, ಬರಿಯ ದಣಿವು ಎನ್ನಲಾಗದ ಒಂದು ನೋವು ತಡವಾಗಿ ಬರುತ್ತದೆ ಎಂದು ಕಂಡುಕೊಂಡ. ಕೆಲಸದ ಹೊತ್ತಿನ ಉರಿ ಬೇರೆ, ಮಾರನೆಯ ದಿನದ ನೋವು ಬೇರೆ. ಎರಡನೆಯದಕ್ಕೆ ಸ್ನಾಯುವಿನೊಳಗೆ ಆಗುವ ಸಣ್ಣ ಸೀಳುಗಳು ಕಾರಣವಿರಬೇಕು ಎಂದು ಊಹಿಸಿದ. ಆ ಊಹೆ ಪಕ್ಕಾ ಆಗಲು ಎಂಬತ್ತು ವರ್ಷ ಹಿಡಿಯಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಫ್ರೀಡೆನ್ ಮತ್ತು ಸಂಗಡಿಗರು, ಮೆಟ್ಟಿಲುಗಳನ್ನು ಮತ್ತೆ ಮತ್ತೆ ಓಡಿ ಇಳಿದವರ ಕಾಲಿನ ಸ್ನಾಯುವಿನ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ನಾಯುತಂತುವಿನೊಳಗೆ ನೆಟ್ಟಗಿರಬೇಕಾದ ಅಡ್ಡಗೆರೆಗಳು ಅಲ್ಲಲ್ಲಿ ಕದಡಿ ಹರಡಿಕೊಂಡಿದ್ದವು.

ಲ್ಯಾಕ್ಟಿಕ್ ಆಮ್ಲದ ಮೇಲಿನ ಆರೋಪ ಬಿದ್ದುಹೋದದ್ದು 1983ರಲ್ಲಿ ಶ್ವೇನ್ ಮತ್ತು ಜೊತೆಗಾರರು ಪ್ರಕಟಿಸಿದ ಬಲು ಸರಳವಾದ ಒಂದು ಪ್ರಯೋಗದಿಂದ. ಒಂದೇ ಗುಂಪಿನ ಜನರನ್ನು ಒಮ್ಮೆ ಸಮತಟ್ಟಿನ ಮೇಲೆ, ಇನ್ನೊಮ್ಮೆ ಇಳಿಜಾರಿನಲ್ಲಿ ಓಡಿಸಿದರು. ಸಮತಟ್ಟಿನಲ್ಲಿ ರಕ್ತದ ಲ್ಯಾಕ್ಟಿಕ್ ಆಮ್ಲ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಆಮ್ಲ ಏರಲಿಲ್ಲ, ನೋವು ಜೋರಾಗಿ ಬಂತು. ಹೇಗೂ ಆ ಆಮ್ಲ ಗಂಟೆಯೊಳಗೆ ಸಹಜ ಮಟ್ಟಕ್ಕೆ ಇಳಿಯುತ್ತದೆ. ನೋವು ಮಿತಿಮೀರುವುದು 24ರಿಂದ 72 ಗಂಟೆಗಳ ನಡುವೆ.

ಇಳಿಜಾರಿನಲ್ಲಿ ಆಗುವುದೇ ಬಸ್ಕಿಯಲ್ಲೂ ಆಗುತ್ತದೆ. ಬಸ್ಕಿ ಹೊಡೆಯುವವನು ಕೆಳಗೆ ಕೂರುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಿರುತ್ತದೆ, ಅದೇ ಹೊತ್ತಿಗೆ ಮೈಭಾರ ಕುಸಿಯದಂತೆ ತಡೆಯಲು ಬಿಗಿಯುತ್ತಲೂ ಇರುತ್ತದೆ. ಎದ್ದೇಳುವಾಗಿನ ಶ್ರಮಕ್ಕಿಂತ ಇಳಿಯುವಾಗಿನ ಈ ತಡೆಯೇ ತಂತುಗಳನ್ನು ಹೆಚ್ಚು ಕದಡುತ್ತದೆ. ಡಂಬೆಲ್ಲನ್ನು ಮೆಲ್ಲಗೆ ಕೆಳಗಿಳಿಸುವಾಗಲೂ ಇದೇ ಲೆಕ್ಕ. ಆಮೇಲೆ ದೇಹ ಅಲ್ಲಿ ದುರಸ್ತಿ ಶುರುಮಾಡುತ್ತದೆ. ಊತ, ಉರಿಯೂತಗಳ ಜೊತೆ ನೋವೂ ಏಳುತ್ತದೆ. ದುರಸ್ತಿಯಾದ ಸ್ನಾಯು ಮುಂದಿನ ಬಾರಿ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಒಂದೇ ಒಂದು ಸಲದ ಅಭ್ಯಾಸ ಕೂಡ ಹಲವು ವಾರ ಈ ರಕ್ಷಣೆ ಕೊಡುತ್ತದೆಂದು ಮತ್ತೆ ಮತ್ತೆ ಸಾಬೀತಾಗಿದೆ. ಹೊಸಬನಿಗೆ ಮೊದಲ ದಿನ ನಾಲ್ಕಾರು ಬಸ್ಕಿ ಹೊಡೆಸಿ ನಿಲ್ಲಿಸಿದ ಉಸ್ತಾದನ ಲೆಕ್ಕ ಸರಿಯಾಗಿತ್ತು. ಅದಕ್ಕೆ ವಿರುದ್ಧವಾಗಿ, ಪಳಗದ ಮಕ್ಕಳಿಂದ ಶಿಕ್ಷೆಯ ಹೆಸರಿನಲ್ಲಿ ನೂರಾರು ಬಸ್ಕಿ ಹೊಡೆಸುವುದು ಅಪಾಯ. ಕದಡಿದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದುಂಟು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಎಣ್ಣೆ, ಬಿಸಿನೀರು ಎನ್ನುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ನೋವು ತಡೆಯುವ ಉಪಾಯಗಳೂ ಒಂದೊಂದು ಕಾಲಕ್ಕೆ ಒಂದೊಂದು ಬಂದವು. 1960ರ ದಶಕದಲ್ಲಿ, ಸ್ನಾಯು ಸೆಟೆದುಕೊಳ್ಳುವುದರಿಂದ ನೋವು ಬರುತ್ತದೆ ಎಂಬ, ಡಿ ವ್ರೀಸ್ ಎಂಬ ಸಂಶೋಧಕನ ವಾದದಿಂದ ಮೈ ಎಳೆಯುವ ಸ್ಟ್ರೆಚಿಂಗ್ ಹಬ್ಬಿತು. ಮುಂದೆ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆ, ಅದರಿಂದ ಮಾರನೆಯ ದಿನದ ನೋವು ಗಣನೀಯವಾಗಿ ತಗ್ಗುವುದಿಲ್ಲ ಎಂದಿತು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಪೆಟ್ಟಿಗೆ ಮಂಜುಗಡ್ಡೆ ಇಡುವ ಸೂತ್ರ ಕೊಟ್ಟರು. ದಶಕಗಳ ನಂತರ, ಮಂಜು ಗುಣವಾಗುವುದನ್ನು ತಡಮಾಡಬಹುದು ಎಂದು ಅವರೇ ಬರೆದರು. ತಣ್ಣೀರಿನ ತೊಟ್ಟಿ ನೋವನ್ನೇನೋ ಕೊಂಚ ಇಳಿಸುತ್ತದೆ. ಆದರೆ 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ, ಭಾರ ಎತ್ತಿದ ಮೇಲೆ 10 ನಿಮಿಷ 10 ಡಿಗ್ರಿ ನೀರಿನಲ್ಲಿ ಕೂತವರ ಸ್ನಾಯು, ಹಗುರವಾಗಿ ಸೈಕಲ್ ತುಳಿದವರ ಸ್ನಾಯುವಿನಷ್ಟು ಬೆಳೆಯಲಿಲ್ಲ. ಬಿಸಿನೀರು, ಹಗುರ ಸಾಮು ಎನ್ನುತ್ತಿದ್ದ ಗರಡಿಯವರಿಗೆ ಇದು ಹೊಸ ಸುದ್ದಿಯೇನಲ್ಲ.

ಇನ್ನು ತಿಕ್ಕುವ ವಿಷಯ. 2012ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಯುವಕರನ್ನು ದಣಿಯುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಾಲೀಸು ಮಾಡಿಸಿ, ಎರಡೂ ಕಾಲುಗಳ ಸ್ನಾಯುವಿನ ಚೂರು ತೆಗೆದು ಹೋಲಿಸಿದರು. ತಿಕ್ಕಿಸಿಕೊಂಡ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಲ್ಯಾಕ್ಟಿಕ್ ಆಮ್ಲದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಚೇತರಿಕೆಯ ಹಲವು ವಿಧಾನಗಳನ್ನು ತೂಗಿ ನೋಡಿದ 2018ರ ಇನ್ನೊಂದು ದೊಡ್ಡ ವಿಶ್ಲೇಷಣೆಯಲ್ಲಿ ಮಾರನೆಯ ದಿನದ ನೋವಿಗೆ ಎಲ್ಲಕ್ಕಿಂತ ಹೆಚ್ಚು ಉಪಶಮನ ಕೊಟ್ಟದ್ದು ಮಾಲೀಸೇ. ವಾತ ಹೊರಗೆ ಹೋಗುತ್ತದೆ ಎಂದು ಗರಡಿಯವರು ಕೊಡುತ್ತಿದ್ದ ಕಾರಣ ನಿಲ್ಲದಿರಬಹುದು. ಅವರ ಕೈಯ ಕೆಲಸ ನಿಂತಿದೆ.

ಮೈಸೂರಿನಲ್ಲಿ ಗರಡಿಗಳು ಇನ್ನೂ ಇವೆ. ದಸರೆಯ ಕುಸ್ತಿಗೆ ಹುಡುಗರು, ಈಗ ಹುಡುಗಿಯರೂ, ತಯಾರಾಗುತ್ತಾರೆ. ಕೆಮ್ಮಣ್ಣಿನ ನಾಡಕುಸ್ತಿಯ ಪಕ್ಕದಲ್ಲೇ ಮ್ಯಾಟಿನ ಕುಸ್ತಿಯೂ ನಡೆಯುತ್ತದೆ. ಕಲ್ಲಿನ ಗುಂಡಿನ ಬದಿಯಲ್ಲಿ ಬಾರ್‌ಬೆಲ್ ಬಂದು ಕೂತಿದೆ. ಪಟ್ಟುಗಳ ವಿಡಿಯೋಗಳು ಬೇಕಾದಷ್ಟಿವೆ, ಕುಸ್ತಿಯ ಫಲಿತಾಂಶ ಪತ್ರಿಕೆಗಳಲ್ಲಿ ಬರುತ್ತದೆ. ತಿಕ್ಕುವ ವಿದ್ಯೆಯ ದಾಖಲೆ ಮಾತ್ರ ತೀರ ಕಡಿಮೆ. ಯಾವ ಎಣ್ಣೆಯನ್ನು ಯಾವ ಕಾಲಕ್ಕೆ ಕಾಯಿಸಿ ಬಳಸುತ್ತಿದ್ದರು, ಉಳುಕಿಗೂ ಬರಿಯ ಮೈನೋವಿಗೂ ಒತ್ತಿನಲ್ಲಿ ಏನು ವ್ಯತ್ಯಾಸ ಮಾಡುತ್ತಿದ್ದರು, ಕಾದಾಟದ ಹಿಂದಿನ ದಿನ ತಿಕ್ಕುತ್ತಿದ್ದರೇ ಬಿಡುತ್ತಿದ್ದರೇ, ಎಳೆಯರ ಮೈಗೆ ಎಷ್ಟು ಹೊತ್ತು ಸಾಕು ಎನ್ನುತ್ತಿದ್ದರು — ಇದನ್ನೆಲ್ಲ ಬಲ್ಲ ಹಿರಿಯ ಜಟ್ಟಿಗಳನ್ನೂ ಉಸ್ತಾದರನ್ನೂ ಕೂರಿಸಿಕೊಂಡು ಕೇಳಿ, ಅವರ ಕೈಗಳ ಚಲನೆಯನ್ನು ಚಿತ್ರೀಕರಿಸಿ ಇಡುವ ಕೆಲಸವನ್ನು ನಮ್ಮ ಕ್ರೀಡಾ ಇಲಾಖೆಯೋ ವಿಶ್ವವಿದ್ಯಾಲಯಗಳೋ ಈ ತಲೆಮಾರಿನಲ್ಲೇ ಕೈಗೆತ್ತಿಕೊಳ್ಳಬೇಕಾಗಿದೆ.